ವ್ಯಾಕ್ಯೂಮ್ ಕ್ಲೀನರ್ ಎಳೀತಾ ಇಲ್ವಾ? ಮೋಟಾರಿಗೆ ಕೈ ಹಾಕುವ ಮೊದಲು ಇಷ್ಟು ನೋಡಿ

ಆಯುಧಪೂಜೆಗೆ ನಾಲ್ಕೇ ದಿನ ಇದ್ದಾಗ ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ಕೈಕೊಟ್ಟಿತು. ಮಷಿನ್ ಓಡುತ್ತಿತ್ತು, ಸದ್ದೂ ಜೋರಾಗಿಯೇ ಇತ್ತು. ಸೋಫಾದ ಸಂದಿಯಲ್ಲಿದ್ದ ಅವಲಕ್ಕಿ ಚೂರು ಮಾತ್ರ ಇದ್ದಲ್ಲಿಂದ ಅಲುಗಲಿಲ್ಲ. ರಿಪೇರಿಗೆ ಬಂದವರು ಎರಡು ನಿಮಿಷ ಓಡಿಸಿ ನೋಡಿ, "ಮೋಟಾರ್ ವೀಕ್ ಆಗಿದೆ ಸಾರ್, ಬದಲಾಯಿಸಬೇಕು" ಅಂದರು. ಅವರು ಹೇಳಿದ ರೇಟು ಕೇಳಿ ಅಮ್ಮ ಅಡುಗೆಮನೆಯಿಂದಲೇ "ಬೇಡ ಬಿಡೋ, ಪೊರಕೆ ಇದೆಯಲ್ಲ" ಅಂದಳು.

ಅವತ್ತು ಸಂಜೆ ಪೈಪನ್ನು ಬಿಚ್ಚಿ, ನೆಟ್ಟಗೆ ಮಾಡಿ, ಕಿಟಕಿಯ ಕಡೆ ಹಿಡಿದು ನೋಡಿದೆ. ಆಚೆ ಬೆಳಕೇ ಕಾಣಲಿಲ್ಲ. ಒಳಗೆ ಕಡ್ಡಿಪೊರಕೆಯ ಮುರಿದ ತುಂಡೊಂದು ಅಡ್ಡ ಸಿಕ್ಕಿಕೊಂಡಿತ್ತು. ಅದಕ್ಕೆ ಕೂದಲು, ಸೀರೆಯ ದಾರ, ಹೂಮಾಲೆಯ ಬಾಳೆನಾರು ಎಲ್ಲ ಸುತ್ತಿ ನಿಂಬೆಹಣ್ಣಿನ ಗಾತ್ರದ ಉಂಡೆ ಆಗಿತ್ತು. ಉಂಡೆ ತೆಗೆದೆ. ಮೋಟಾರ್ "ಗಟ್ಟಿ" ಆಯಿತು!

ಅಂದಿನಿಂದ ಅಕ್ಕಪಕ್ಕದವರ, ನೆಂಟರ ಮಷಿನ್‌ಗಳನ್ನೂ ನೋಡುತ್ತಾ ಬಂದಿದ್ದೇನೆ. ಎಳೆತ ಕಡಿಮೆಯಾದ ಮಷಿನ್‌ನಲ್ಲಿ ಮೋಟಾರಿನದೇ ತಪ್ಪು ಅಂತ ಇರುವುದು ತೀರಾ ಅಪರೂಪ. ಗಾಳಿ ಎಲ್ಲೋ ಕಟ್ಟಿಕೊಂಡಿರುತ್ತದೆ, ಇಲ್ಲಾ ಎಲ್ಲೋ ಸೋರುತ್ತಿರುತ್ತದೆ. ಆ ಜಾಗ ಹುಡುಕುವುದಷ್ಟೇ ನಮ್ಮ ಕೆಲಸ.

ಮಷಿನ್ ಹೇಗೆ ಎಳೆಯುತ್ತದೆ?

ಇದೊಂದು ತಿಳಿದರೆ ಮುಂದಿನದೆಲ್ಲ ಸುಲಭ. ನಿಜ ಹೇಳಬೇಕೆಂದರೆ ವ್ಯಾಕ್ಯೂಮ್ ಕ್ಲೀನರ್ ಧೂಳನ್ನು ಎಳೆಯುವುದೇ ಇಲ್ಲ. ಒಳಗಿರುವ ಫ್ಯಾನ್ ಗಾಳಿಯನ್ನು ಹಿಂದಿನಿಂದ ಹೊರಕ್ಕೆ ತಳ್ಳುತ್ತದೆ. ಆಗ ಒಳಗೆ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿ ಆ ಖಾಲಿ ತುಂಬಲು ಪೈಪಿನ ಬಾಯಿಂದ ನುಗ್ಗುತ್ತದೆ, ಬರುವಾಗ ದಾರಿಯಲ್ಲಿದ್ದ ಧೂಳನ್ನೂ ಹೊತ್ತು ತರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಮನೆಯಲ್ಲಿ ಬಳಸುವ ಮಾಮೂಲಿ ಮಷಿನ್ ಅದರಲ್ಲಿ 15ರಿಂದ 25 ಕಿಲೋಪಾಸ್ಕಲ್‌ನಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸದಿಂದಲೇ ಎಲ್ಲ ಕೆಲಸ ಆಗಬೇಕು. ಹಾಗಾಗಿ ಒಂದು ಬಿರುಕು, ಒಂದು ಕೂದಲಿನ ಉಂಡೆ ಸಾಕು ಆಟ ಕೆಡಿಸಲು.

ಗಾಳಿಯ ದಾರಿ ಹೀಗಿರುತ್ತದೆ: ನೆಲಕ್ಕೆ ತಾಗುವ ಬ್ರಷ್, ಉದ್ದನೆಯ ಗಟ್ಟಿ ಕೊಳವೆ, ಹಿಡಿಕೆ, ಬಳುಕುವ ಪೈಪು, ಧೂಳಿನ ಚೀಲ ಅಥವಾ ಡಬ್ಬಿ, ಮೋಟಾರಿನ ಮುಂದಿನ ಫಿಲ್ಟರ್, ಫ್ಯಾನ್, ಕೊನೆಗೆ ಹಿಂದಿನ ಫಿಲ್ಟರ್. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಹಂತ 1: ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ಮಷಿನ್ ಆನ್ ಮಾಡಿ ಸದ್ದು ಕೇಳಿ. ಮಿಕ್ಸಿ ನೆನಪು ಮಾಡಿಕೊಳ್ಳಿ. ಜಾರಿನಲ್ಲಿ ಚಟ್ನಿ ಇದ್ದಾಗ ಅದು ಗುರ್ ಅನ್ನುತ್ತದೆ. ಖಾಲಿ ಜಾರ್ ತಿರುಗಿಸಿದರೆ ಕಿರುಚುತ್ತದೆ, ಅಲ್ವಾ? ಮಿಕ್ಸಿಯಲ್ಲಿ ಇರುವ ಜಾತಿಯ ಮೋಟಾರೇ ವೈರಿನಿಂದ ಓಡುವ ವ್ಯಾಕ್ಯೂಮ್ ಕ್ಲೀನರ್‌ನಲ್ಲೂ ಇರುತ್ತದೆ. ಅದಕ್ಕೆ ಹೊರೆ ಅಂದರೆ ಗಾಳಿ. ದಾರಿ ಕಟ್ಟಿಕೊಂಡು ಗಾಳಿ ಬಾರದೆ ಹೋದರೆ ಹೊರೆ ಇಳಿಯುತ್ತದೆ, ಮೋಟಾರ್ ಇನ್ನೂ ಜೋರಾಗಿ ತಿರುಗುತ್ತದೆ, ಸದ್ದು ತೆಳ್ಳಗೆ ಏರುತ್ತದೆ.

ಹಾಗಾಗಿ ಸದ್ದು ಮೊದಲಿಗಿಂತ ಕೀಚಲಾಗಿದ್ದರೆ ಎಲ್ಲೋ ಅಡ್ಡ ಸಿಕ್ಕಿದೆ ಎಂದು ಅರ್ಥ. ಸದ್ದು ಎಂದಿನಂತೆ ಇದ್ದು ಎಳೆತ ಮಾತ್ರ ಇಲ್ಲದಿದ್ದರೆ ಸೋರಿಕೆ ಇರಬಹುದು. ಸದ್ದೇ ಮಂಕಾಗಿ, ಸುಸ್ತಾದಂತೆ ಕೇಳಿದರೆ ಮಾತ್ರ ಕರೆಂಟ್ ಅಥವಾ ಮೋಟಾರಿನ ಮೇಲೆ ಅನುಮಾನ ಪಡಿ. ನಮ್ಮ ಮನೆಯಲ್ಲಿ ಅವತ್ತು ಸದ್ದು "ಜೋರಾಗಿ" ಇದ್ದದ್ದೇ ಸುಳಿವು. ನನಗೆ ಆಗ ಗೊತ್ತಿರಲಿಲ್ಲ.

ಹಂತ 2: ಅಂಗೈ ಪರೀಕ್ಷೆ

ಸ್ವಿಚ್ ಆಫ್ ಮಾಡಿ ಪೈಪನ್ನು ಮಷಿನ್‌ನಿಂದ ಪೂರ್ತಿ ಬಿಡಿಸಿ. ಮತ್ತೆ ಆನ್ ಮಾಡಿ, ಪೈಪು ಕೂರುತ್ತಿದ್ದ ತೂತಿನ ಮೇಲೆ ಅಂಗೈ ಇಡಿ. ಕೈಯನ್ನು ಗಟ್ಟಿಯಾಗಿ ಹಿಡಿದರೆ ಮಷಿನ್ ಚೆನ್ನಾಗಿದೆ, ತೊಂದರೆ ಪೈಪು, ಕೊಳವೆ, ಬ್ರಷ್ ಇವುಗಳಲ್ಲಿದೆ. ಅಲ್ಲೂ ಎಳೆತ ಇಲ್ಲ ಅಂದರೆ ಚೀಲ, ಫಿಲ್ಟರ್, ಮುಚ್ಚಳದ ರಬ್ಬರ್ ಕಡೆ ತಿರುಗಿ.

ಒಂದೇ ನಿಮಿಷದಲ್ಲಿ ಅರ್ಧ ಮಷಿನ್ ಲೆಕ್ಕದಿಂದ ಹೊರಗೆ ಹೋಯಿತು. ಎಳೆತ ಇದೆ ಎಂದಾದರೆ ಪೈಪನ್ನು ಮಾತ್ರ ಸೇರಿಸಿ ಅದರ ತುದಿಯಲ್ಲಿ ಕೈ ಇಡಿ. ಆಮೇಲೆ ಗಟ್ಟಿ ಕೊಳವೆ ಸೇರಿಸಿ. ಕೊನೆಗೆ ಬ್ರಷ್. ಯಾವುದನ್ನು ಸೇರಿಸಿದಾಗ ಎಳೆತ ಬಿತ್ತೋ ಅದೇ ಕಳ್ಳ. ಒಂದು ಸಲಕ್ಕೆ ಒಂದನ್ನೇ ಸೇರಿಸಿ. ಎಲ್ಲವನ್ನೂ ಬಿಚ್ಚಿ, ತೊಳೆದು, ಒಟ್ಟಿಗೆ ಜೋಡಿಸಿದರೆ ಮಷಿನ್ ಸರಿಹೋಗಬಹುದು, ಆದರೆ ಏನಾಗಿತ್ತು ಅಂತ ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿಂದ ಶುರು.

ಹುಷಾರು: ಪೈಪಿನ ಬಾಯನ್ನು ಕಣ್ಣು, ಕಿವಿ, ಕೂದಲಿನ ಹತ್ತಿರ ತರಬೇಡಿ. ಮಕ್ಕಳಿಗೆ ಈ ಆಟ ಬಹಳ ಇಷ್ಟ, ಅವರನ್ನು ದೂರ ಇಡಿ. ಇನ್ನು ಮುಂದೆ ಏನೇ ಬಿಚ್ಚುವುದಿದ್ದರೂ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಹಂತ 3: ನಗು ಬರಿಸುವ ಕಾರಣಗಳು

ಇವನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಆದರೆ ಎಲ್ಲರ ಮನೆಯಲ್ಲೂ ಆಗುತ್ತವೆ.

ಹಿಡಿಕೆಯ ಹತ್ತಿರ ಜಾರಿಸುವ ಒಂದು ಸಣ್ಣ ಕಿಂಡಿ ಇರುತ್ತದೆ, ನೋಡಿ. ಪರದೆ, ತೆಳು ಬಟ್ಟೆ ಕ್ಲೀನ್ ಮಾಡುವಾಗ ಎಳೆತ ಕಡಿಮೆ ಮಾಡಲು ಅದನ್ನು ತೆರೆಯುತ್ತೇವೆ, ಮುಚ್ಚಲು ಮರೆಯುತ್ತೇವೆ. ಗಾಳಿಯೆಲ್ಲ ಅಲ್ಲಿಂದಲೇ ಒಳಗೆ ಹೋಗುತ್ತದೆ.

ಬ್ಲೋವರ್ ಇರುವ ಮಷಿನ್‌ಗಳಲ್ಲಿ ಪೈಪ್ ಹಾಕಲು ಎರಡು ತೂತು. ಒಂದು ಎಳೆಯುವುದಕ್ಕೆ, ಇನ್ನೊಂದು ಊದುವುದಕ್ಕೆ. ಹಬ್ಬದ ಹೊತ್ತಲ್ಲಿ ಯಾರೋ ಕಿಟಕಿ ಸಂದಿಯ ಧೂಳು ಊದಲು ಪೈಪ್ ಬದಲಿಸಿ ಹಾಗೇ ಬಿಟ್ಟಿರುತ್ತಾರೆ. ನಮ್ಮ ಮಾವನವರು ಊದುವ ಕಡೆ ಪೈಪ್ ಸಿಕ್ಕಿಸಿಕೊಂಡು ಹದಿನೈದು ನಿಮಿಷ ರಂಗೋಲಿಪುಡಿ ಎತ್ತಲು ನೋಡಿದ್ದರು. ದೇವರಮನೆ ಪೂರ್ತಿ ಬಿಳಿ.

ನೀರನ್ನೂ ಎಳೆಯುವ ವೆಟ್ ಅಂಡ್ ಡ್ರೈ ಮಷಿನ್ ಆಗಿದ್ದರೆ ಒಳಗೊಂದು ತೇಲುವ ಬುರುಡೆ ಇರುತ್ತದೆ. ತೊಟ್ಟಿಯಲ್ಲಿ ನೀರು ತುಂಬಿದಾಗ ಅದು ಮೇಲೆದ್ದು ಗಾಳಿಯ ಬಾಯಿ ಮುಚ್ಚುತ್ತದೆ. ನೀರು ಮೋಟಾರಿಗೆ ಹೋಗದಿರಲಿ ಅಂತ ಈ ಏರ್ಪಾಟು. ಮಷಿನ್ ವಾಲಿದರೂ, ಜೋರಾಗಿ ಕುಲುಕಿದರೂ ಹೀಗೆ ಆಗಬಹುದು. ಎಳೆತ ಇದ್ದಕ್ಕಿದ್ದಂತೆ ಪೂರ್ತಿ ನಿಂತು ಸದ್ದು ಏರಿದರೆ ಇದೇ ಇರಬೇಕು. ಆಫ್ ಮಾಡಿ, ನೀರು ಚೆಲ್ಲಿ, ನೆಟ್ಟಗೆ ನಿಲ್ಲಿಸಿ ಮತ್ತೆ ಆನ್ ಮಾಡಿ.

ಹಂತ 4: ಪೈಪು ಮತ್ತು ಕೊಳವೆ

ನನ್ನ ಅನುಭವದಲ್ಲಿ ಜಾಸ್ತಿ ಕಾಟ ಕೊಡುವುದು ಇದೇ ಭಾಗ. ನಮ್ಮ ಮನೆಗಳ ಕಸವೇ ಹಾಗೆ. ಉದ್ದ ಕೂದಲು, ಕಡ್ಡಿಪೊರಕೆಯ ತುಂಡು, ಊದುಬತ್ತಿ ಕಡ್ಡಿ, ಹೇರ್‌ಪಿನ್, ಹಾಲಿನ ಪ್ಯಾಕೆಟ್ಟಿನ ಮೂಲೆ, ಪೆನ್ನಿನ ಮುಚ್ಚಳ. ಒಂಟಿ ಕಡ್ಡಿ ಅಷ್ಟೇನೂ ಅಡ್ಡ ಮಾಡುವುದಿಲ್ಲ. ಆದರೆ ಅದು ಅಡ್ಡ ಕೂತರೆ ಹಿಂದೆ ಬರುವ ಕೂದಲು, ಹತ್ತಿ ಎಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಹೊಳೆಯಲ್ಲಿ ಒಂದು ಕೊಂಬೆ ಅಡ್ಡ ಬಿದ್ದರೆ ಕಸವೆಲ್ಲ ಅಲ್ಲೇ ನಿಲ್ಲುತ್ತದಲ್ಲ, ಹಾಗೆ.

ಗಟ್ಟಿ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಬಳುಕುವ ಪೈಪಿಗೆ ಒಂದು ರೂಪಾಯಿ ನಾಣ್ಯ ಅಥವಾ ಗೋಲಿ ಹಾಕಿ, ಎತ್ತಿ ಹಿಡಿದು ಅಲ್ಲಾಡಿಸಿ. ಆ ಕಡೆಯಿಂದ ಬಿದ್ದರೆ ದಾರಿ ತೆರೆದಿದೆ. ನಿಧಾನಕ್ಕೆ, ತಡೆದು ತಡೆದು ಬಿದ್ದರೆ ಅರ್ಧ ಕಟ್ಟಿಕೊಂಡಿದೆ. ಬೀಳಲೇ ಇಲ್ಲವೆಂದರೆ ಉಂಡೆಯ ಜೊತೆ ನಾಣ್ಯವನ್ನೂ ಹೊರಗೆ ತೆಗೆಯಬೇಕು, ಮರೆಯಬೇಡಿ.

ತೆಗೆಯುವುದು ಹೇಗೆ? ಮೊದಲು ಪೈಪನ್ನು ತಿರುಗಾಮುರುಗಾ ಮಾಡಿ. ನೆಲಕ್ಕೆ ಹೋಗುತ್ತಿದ್ದ ತುದಿಯನ್ನು ಮಷಿನ್ ಬಾಯಿಗೆ ಹಿಡಿದು ಆನ್ ಮಾಡಿ. ಬಂದ ದಾರಿಯಲ್ಲೇ ಉಂಡೆ ವಾಪಸ್ ಬಂದು ಚೀಲಕ್ಕೆ ಬೀಳಬಹುದು. ಬ್ಲೋವರ್ ಇದ್ದರೆ ಮನೆಯಾಚೆ ಹೋಗಿ ಊದಿಸಿ, ಪೈಪಿನ ತುದಿಗೆ ಹಳೆಯ ದಿಂಬಿನ ಕವರ್ ಕಟ್ಟಿಕೊಳ್ಳಿ. ಇದಕ್ಕೂ ಜಗ್ಗದಿದ್ದರೆ ದಪ್ಪ ತಂತಿಯ ತುದಿಯನ್ನು ಸಣ್ಣ ಕೊಕ್ಕೆ ಮಾಡಿ, ಚೂಪಾದ ಮೊನೆಯನ್ನು ಟೇಪಿನಿಂದ ಸುತ್ತಿ, ಮೆಲ್ಲಗೆ ಎಳೆದು ತೆಗೆಯಿರಿ. ಕೋಲು ಹಾಕಿ ತಳ್ಳುವುದು ನನಗೆ ಸರಿಬರುವುದಿಲ್ಲ. ತಳ್ಳಿದಷ್ಟೂ ಉಂಡೆ ಬಿಗಿಯಾಗುತ್ತದೆ, ಪೈಪೂ ತೂತಾಗುತ್ತದೆ.

ಪೈಪು ಮಷಿನ್‌ಗೆ ಸೇರುವ ಕಡೆಯ ಬಾಗು, ಹಿಡಿಕೆಯ ಬಾಗು, ಎರಡನ್ನೂ ಬೆರಳು ಹಾಕಿ ನೋಡಿ. ಅಲ್ಲೇ ಜಾಸ್ತಿ ಸಿಕ್ಕಿಕೊಳ್ಳುವುದು.

ಹಂತ 5: ಚೀಲ ಅಥವಾ ಡಬ್ಬಿ

1901ರಲ್ಲಿ ಬ್ರಿಟನ್ನಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳು ಎಳೆಯುವ ಮಷಿನ್‌ಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಅವನು ಮಾಡಿದ ಪ್ರಯೋಗ ಮಜವಾಗಿದೆ. ಹೋಟೆಲಿನ ಕುರ್ಚಿಯ ಮೇಲೆ ಕರ್ಚೀಫ್ ಇಟ್ಟು, ಅದಕ್ಕೆ ಬಾಯಿ ಹಚ್ಚಿ ಜೋರಾಗಿ ಉಸಿರೆಳೆದ. ಬಟ್ಟೆಯ ಅಡಿಭಾಗದಲ್ಲಿ ಧೂಳು ಮೆತ್ತಿಕೊಂಡಿತ್ತು. ಗಾಳಿ ಹೋಗಬೇಕು, ಧೂಳು ನಿಲ್ಲಬೇಕು. ಇಂದಿನ ಚೀಲದ ಕೆಲಸವೂ ಇಷ್ಟೇ. ಬಟ್ಟೆಯ ಕಣ್ಣುಗಳಲ್ಲಿ ಧೂಳು ತುಂಬಿದರೆ ಗಾಳಿಯೂ ಹೋಗುವುದಿಲ್ಲ ಎಂಬ ತೊಂದರೆಯೂ ಅಂದಿನದೇ.

ಆದ್ದರಿಂದ "ಚೀಲ ಇನ್ನೂ ಅರ್ಧ ಖಾಲಿ ಇದೆ" ಅನ್ನುವುದು ಸಮಾಧಾನದ ಮಾತಲ್ಲ. ನುಣ್ಣನೆಯ ಪುಡಿ ಒಂದು ಹಿಡಿ ಹೋದರೂ ಸಾಕು. ಗೋಡೆಗೆ ಪುಟ್ಟಿ ಉಜ್ಜಿದ ಧೂಳು, ಸಿಮೆಂಟ್, ರಂಗೋಲಿಪುಡಿ, ಟಾಲ್ಕಂ ಪೌಡರ್, ಅಕ್ಕಿಹಿಟ್ಟು ಇವೆಲ್ಲ ಚೀಲದ ಕಣ್ಣುಗಳನ್ನು ಒಳಗಿನಿಂದ ಬಳಿದುಬಿಡುತ್ತವೆ. ಪೇಂಟಿಂಗ್ ಆದಮೇಲೆ ಎಳೆತ ಹೋಯಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಚೀಲವನ್ನೇ.

ಕಾಗದದ ಚೀಲವಾದರೆ ಬಿಸಾಡಿ ಹೊಸದು ಹಾಕಿ. ಕೊಡವಿ ಮತ್ತೆ ಹಾಕುವುದು ಉಳಿತಾಯವಲ್ಲ. ಸ್ವಲ್ಪ ಹರಿದರೂ ಧೂಳು ಮೋಟಾರಿಗೆ ಹೋಗುತ್ತದೆ. ಬಟ್ಟೆಯ ಚೀಲವಾದರೆ ಹೊರಗೆ, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ನಿಂತು, ಒಳಮೈ ಹೊರಗೆ ತಿರುಗಿಸಿ ಬ್ರಷ್‌ನಿಂದ ಉಜ್ಜಿ. ಮೂಗಿಗೆ ಮಾಸ್ಕ್ ಇರಲಿ. ತೊಳೆಯಬಹುದು ಎಂದು ಬರೆದಿದ್ದರೆ ಮಾತ್ರ ತೊಳೆಯಿರಿ. ಮತ್ತೆ ಹಾಕುವಾಗ ಚೀಲದ ರಟ್ಟಿನ ಅಥವಾ ಪ್ಲಾಸ್ಟಿಕ್ ಕೊರಳು ಸರಿಯಾಗಿ ತೋಡಿನಲ್ಲಿ ಕೂತಿದೆಯಾ ನೋಡಿ. ಓರೆಯಾಗಿ ಕೂತರೆ ಅಲ್ಲೇ ಸೋರುತ್ತದೆ.

ಮಷಿನ್ ಮೇಲೆ "ಚೀಲ ತುಂಬಿದೆ" ಅಂತ ಕೆಂಪು ತೋರಿಸುವ ಕಿಂಡಿ ಇದ್ದರೆ ಅದನ್ನು ಪೂರ್ತಿ ನಂಬಬೇಡಿ. ಮಾಮೂಲಾಗಿ ಅದು ನೋಡುವುದು ಒಳಗಿನ ಒತ್ತಡವನ್ನು, ಧೂಳನ್ನಲ್ಲ. ಪೈಪು ಕಟ್ಟಿಕೊಂಡರೂ ಕೆಂಪಾಗುತ್ತದೆ.

ಚೀಲವಿಲ್ಲದ, ಗಾಳಿಯನ್ನು ಸುಳಿಯಂತೆ ಸುತ್ತಿಸುವ ಸೈಕ್ಲೋನ್ ಮಷಿನ್‌ಗಳಲ್ಲಿ ಡಬ್ಬಿಯ ನಡುವೆ ಜಾಲರಿ ಇರುತ್ತದೆ. ಡಬ್ಬಿ ಖಾಲಿ ಮಾಡುವವರು ಇದನ್ನು ನೋಡುವುದೇ ಇಲ್ಲ. ಕೂದಲು, ಹತ್ತಿ ಸುತ್ತಿ ಜಾಲರಿಯ ತೂತೆಲ್ಲ ಮುಚ್ಚಿರುತ್ತದೆ. ಹಳೆಯ ಟೂತ್‌ಬ್ರಷ್ ಇದಕ್ಕೆ ಒಳ್ಳೆಯದು. ಡಬ್ಬಿಯ ಮೇಲಿನ ಗೆರೆ ದಾಟುವವರೆಗೆ ತುಂಬಿಸಬೇಡಿ. ತುಂಬಿದರೆ ಸುಳಿ ಕೆಡುತ್ತದೆ, ಧೂಳು ನೇರ ಫಿಲ್ಟರಿಗೆ ಹೋಗುತ್ತದೆ.

ಹಂತ 6: ಫಿಲ್ಟರ್

ಸಾಮಾನ್ಯವಾಗಿ ಎರಡು ಇರುತ್ತವೆ. ಮೋಟಾರಿಗೆ ಮುಂಚೆ ಒಂದು, ಅದು ಸ್ಪಂಜು ಅಥವಾ ಬಟ್ಟೆ. ಗಾಳಿ ಹೊರಗೆ ಹೋಗುವ ಕಡೆ ಇನ್ನೊಂದು, ಮಡಿಕೆ ಮಡಿಕೆಯಾದ ಕಾಗದದಂಥದ್ದು, ಹೆಪಾ ಎಂದು ಕರೆಯುತ್ತಾರೆ. ಎರಡನೆಯದು ಹಿಂಬದಿಯಲ್ಲಿರುವುದರಿಂದ ಎಷ್ಟೋ ಜನ ಅದನ್ನು ಕೊಂಡ ದಿನದಿಂದ ತೆಗೆದೇ ಇರುವುದಿಲ್ಲ.

ಫಿಲ್ಟರಿನದೇ ತಪ್ಪಾ ಎಂದು ತಿಳಿಯಲು ಅದನ್ನು ತೆಗೆದಿಟ್ಟು ಹತ್ತು ಸೆಕೆಂಡ್ ಮಾತ್ರ ಮಷಿನ್ ಓಡಿಸಿ, ಧೂಳು ಎಳೆಸದೆ ಅಂಗೈ ಹಿಡಿದು ನೋಡಿ. ಎಳೆತ ಬಂದರೆ ಉತ್ತರ ಸಿಕ್ಕಿತು. ಫಿಲ್ಟರ್ ಇಲ್ಲದೆ ಕಸ ಗುಡಿಸಲು ಮಾತ್ರ ಹೋಗಬೇಡಿ.

ಸ್ಪಂಜನ್ನು ನಲ್ಲಿಯ ತಣ್ಣೀರಲ್ಲಿ ತೊಳೆಯಿರಿ, ಹಿಂಡಿ ತಿರುಚಬೇಡಿ, ಎರಡು ಅಂಗೈ ನಡುವೆ ಒತ್ತಿ. ಹೆಪಾ ಫಿಲ್ಟರ್ ಮೇಲೆ ತೊಳೆಯಬಹುದು ಎಂಬ ಗುರುತಿದ್ದರಷ್ಟೇ ನೀರು ತಾಗಿಸಿ. ಇಲ್ಲದಿದ್ದರೆ ನೆಲಕ್ಕೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ಅದಕ್ಕೂ ಸರಿಹೋಗದಿದ್ದರೆ ಹೊಸದು ತನ್ನಿ.

ಇನ್ನು ಒಣಗಿಸುವ ಮಾತು. ಅವಸರ ಮಾಡಿ ಮಷಿನ್ ಕೆಡಿಸಿಕೊಳ್ಳುವುದು ಇಲ್ಲೇ. ಕಡೇಪಕ್ಷ 24 ಗಂಟೆ ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ. ಕಲಬುರಗಿಯ ಬೇಸಿಗೆಯಲ್ಲಿ ಇಷ್ಟು ಧಾರಾಳ ಸಾಕು. ಮಡಿಕೇರಿಯ ಆಷಾಢದಲ್ಲಿ ಮೂರು ದಿನವಾದರೂ ಒದ್ದೆ ಇರಬಹುದು. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ. ಹಸಿ ಫಿಲ್ಟರಿಗೆ ಧೂಳು ಮೆತ್ತಿಕೊಂಡು ಕೆಸರಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ, ತೇವ ಮೋಟಾರಿಗೂ ಹೋಗುತ್ತದೆ. ಗ್ಯಾಸ್ ಒಲೆಯ ಹತ್ತಿರ, ಹೇರ್ ಡ್ರೈಯರ್ ಮುಂದೆ ಇಡಬೇಡಿ, ಫಿಲ್ಟರ್ ಸೊಟ್ಟಗಾಗುತ್ತದೆ. ಮಲೆನಾಡು, ಕರಾವಳಿಯವರು ಇನ್ನೊಂದು ಜೊತೆ ಫಿಲ್ಟರ್ ಇಟ್ಟುಕೊಳ್ಳುವುದೇ ಒಳ್ಳೆಯದು.

ಹಂತ 7: ಸೋರಿಕೆ ಹುಡುಕುವುದು

ಪೈಪಿನ ತುದಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ. ಸದ್ದು ಥಟ್ಟನೆ ಏರಬೇಕು, ಬಳುಕುವ ಪೈಪು ಉದ್ದದಲ್ಲಿ ಸ್ವಲ್ಪ ಕುಗ್ಗಬೇಕು. ಎರಡೂ ಆಗದಿದ್ದರೆ ಗಾಳಿ ಬೇರೆ ಕಡೆಯಿಂದ ನುಗ್ಗುತ್ತಿದೆ.

ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ನೋಡಿ ಎಂದು ಹಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಕೆಂಡದ ಒಂದು ಚೂರು ಒಳಗೆ ಹೋದರೆ ಒಣ ಧೂಳು, ಕಾಗದದ ಚೀಲ ಎರಡೂ ಹೊತ್ತಿಕೊಳ್ಳುತ್ತವೆ. ಬದಲಿಗೆ ಟಿಶ್ಯೂ ಕಾಗದದ ತೆಳ್ಳನೆ ಪಟ್ಟಿಯನ್ನು ಪೈಪಿನುದ್ದಕ್ಕೂ, ಮುಚ್ಚಳದ ಅಂಚಿಗೂ ಹಿಡಿದು ಹೋಗಿ. ಬಿರುಕು ಇರುವಲ್ಲಿ ಪಟ್ಟಿ ಅಂಟಿಕೊಳ್ಳುತ್ತದೆ.

ಪೈಪು ಬಿರಿಯುವುದು ಬಹುತೇಕ ತುದಿಗಳಲ್ಲಿ. ಪೈಪ್ ಹಿಡಿದು ಮಷಿನನ್ನು ದನ ಎಳೆದಂತೆ ಎಳೆದರೆ ಹಾಗೇ ಆಗುವುದು. ಬಿರುಕು ತುದಿಯಿಂದ ಒಂದೆರಡು ಇಂಚಿನೊಳಗಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು, ಉಳಿದ ಪೈಪನ್ನು ಪ್ಲಾಸ್ಟಿಕ್ ಕಾಲರಿಗೆ ಮತ್ತೆ ತಿರುಪಿ ಕೂರಿಸಬಹುದು. ಹಲವು ಮಷಿನ್‌ಗಳಲ್ಲಿ ಇದು ಸ್ಕ್ರೂವಿನಂತೆ ಕೂರುತ್ತದೆ. ಪೈಪಿನೊಳಗೆ ಕರೆಂಟ್ ವೈರ್ ಇರುವ ಮಾದರಿಯಾದರೆ ಕತ್ತರಿ ಹಾಕಲೇಬೇಡಿ. ನಡುವಲ್ಲಿ ಬಿರಿದರೆ ಇನ್ಸುಲೇಷನ್ ಟೇಪ್ ಸುತ್ತಿ ಹಬ್ಬ ದಾಟಿಸಿ, ಆಮೇಲೆ ಹೊಸ ಪೈಪ್ ತನ್ನಿ. ಪೈಪು ಬಳುಕುವಾಗ ಟೇಪು ಬೇಗ ಬಿಟ್ಟುಕೊಳ್ಳುತ್ತದೆ.

ಮುಚ್ಚಳದ ಸುತ್ತ ಇರುವ ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅದರ ಮೇಲೆ ಒಂದು ಅಕ್ಕಿಕಾಳು ಕೂತಿದ್ದರೂ ಗಾಳಿ ಸೋರುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಹಾಗೆ ಇದೂ ಹಳೆಯದಾದರೆ ಗಟ್ಟಿಯಾಗಿ ಬಿರಿಯುತ್ತದೆ.

ಹಂತ 8: ಬ್ರಷ್

ಬ್ರಷ್ಷನ್ನು ಅಡಿಮೇಲು ಮಾಡಿ ನೋಡಿ. ಉರುಳುವ ರೋಲರ್ ಇದ್ದರೆ ಅದಕ್ಕೆ ಸುತ್ತಿದ ಕೂದಲನ್ನು ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ಎಳೆಯಿರಿ. ಎರಡು ತುದಿಗಳ ಬೇರಿಂಗ್ ಹತ್ತಿರವೂ ಬಿಡಬೇಡಿ. ಮಾಮೂಲಿ ಬ್ರಷ್ ಆಗಿದ್ದರೆ ಕಾಲಲ್ಲಿ ಒತ್ತುವ ಸ್ವಿಚ್ ಗಮನಿಸಿ. ಗ್ರಾನೈಟ್, ಟೈಲ್ಸ್, ರೆಡ್ ಆಕ್ಸೈಡ್ ನೆಲಕ್ಕೆ ಬ್ರಷ್ಷಿನ ಬಿರುಗೂದಲು ಹೊರಗೆ ಬರಬೇಕು, ಕಾರ್ಪೆಟ್ಟಿಗೆ ಒಳಗೆ ಹೋಗಬೇಕು.

ಹಂತ 9: ಕರೆಂಟ್, ಬ್ಯಾಟರಿ

ಸದ್ದು ಮಂಕಾಗಿದ್ದರೆ ಮನೆಯ ವೋಲ್ಟೇಜ್ ನೋಡಿ. 230 ಇರಬೇಕಾದ ಕಡೆ 180 ಬಂದರೆ ಫ್ಯಾನ್ ನಿಧಾನವಾಗುತ್ತದೆ, ಎಳೆತ ಬೀಳುತ್ತದೆ. ಸಂಜೆ ಹೊತ್ತು ಎಲ್ಲರೂ ಮೋಟಾರ್ ಹಾಕುವ ಊರುಗಳಲ್ಲಿ ಬೆಳಿಗ್ಗೆ ಒಂದು ಸಲ ಓಡಿಸಿ ನೋಡಿ. ಸಣ್ಣ ವೈರಿನ ಉದ್ದ ಎಕ್ಸ್‌ಟೆನ್ಷನ್ ಕೂಡ ಇದನ್ನೇ ಮಾಡುತ್ತದೆ. 1400 ವ್ಯಾಟ್ ಮಷಿನ್ 6 ಆಂಪಿಯರ್‌ನಷ್ಟು ಎಳೆಯುತ್ತದೆ. ಅಂಥದ್ದಕ್ಕೆ ನೇರ ಗೋಡೆಯ 16 ಆಂಪಿಯರ್ ಸಾಕೆಟ್ ವಾಸಿ. ವೈರ್ ಅಥವಾ ಪ್ಲಗ್ ಬಿಸಿಯಾದರೆ ತಕ್ಷಣ ನಿಲ್ಲಿಸಿ.

ಚಾರ್ಜ್ ಮಾಡಿ ಬಳಸುವ ಕೋಲಿನಂಥ ಮಷಿನ್ ಆನ್ ಆಫ್, ಆನ್ ಆಫ್ ಅಂತ ಮಿಡಿಯುತ್ತಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಹೆಚ್ಚಾಗಿ ಅದು ಫಿಲ್ಟರ್ ಕಟ್ಟಿದ್ದಕ್ಕೆ ಅಥವಾ ದಾರಿ ಮುಚ್ಚಿದ್ದಕ್ಕೆ ತಾನೇ ತಡೆದುಕೊಳ್ಳುವ ರೀತಿ. ಎಳೆತ ಮೊದಲು ಚೆನ್ನಾಗಿದ್ದು ಐದು ನಿಮಿಷಕ್ಕೆ ಮಷಿನ್ ಪೂರ್ತಿ ಮಲಗಿದರೆ ಬ್ಯಾಟರಿಗೆ ವಯಸ್ಸಾಗಿದೆ.

ಹಂತ 10: ಕೊನೆಗೂ ಮೋಟಾರ್

ಚೆನ್ನಾಗಿ ಓಡುತ್ತಿದ್ದ ಮಷಿನ್ ನಡುವೆ ನಿಂತುಹೋಗಿ, ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಓಡಿದರೆ ಅದು ಬಿಸಿಯಾಗಿ ತಾನೇ ಆಫ್ ಆಗಿತ್ತು. ಒಣ ಧೂಳಿನ ಮಾಮೂಲಿ ಮಷಿನ್‌ಗಳಲ್ಲಿ ಮೋಟಾರನ್ನು ತಂಪು ಮಾಡುವುದೂ ಪೈಪಿನಿಂದ ಬರುವ ಅದೇ ಗಾಳಿ. ಗಾಳಿ ಕಟ್ಟಿದರೆ ಮೋಟಾರ್ ಬೇಯುತ್ತದೆ. ಹಾಗಾದಾಗ ಮತ್ತೆ ಹಂತ 4ರಿಂದ ನೋಡಿ, ಸುಮ್ನೆ ಆನ್ ಮಾಡುತ್ತಾ ಹೋಗಬೇಡಿ.

ಎಲ್ಲ ದಾರಿ ತೆರೆದಿದೆ, ಸೋರಿಕೆ ಇಲ್ಲ, ವೋಲ್ಟೇಜ್ ಸರಿ ಇದೆ, ಆದರೂ ಸದ್ದು ಮಂಕು. ಹಿಂಬದಿಯ ಜಾಲರಿಯಿಂದ ಜೋರಾಗಿ ನೀಲಿ ಕಿಡಿ ಕಾಣುತ್ತಿದೆ, ಸುಟ್ಟ ವಾಸನೆ ಬರುತ್ತಿದೆ. ಆಗ ಕಾರ್ಬನ್ ಬ್ರಷ್, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಕಪ್ಪು ತುಂಡು, ಸವೆದಿರಬಹುದು. ಮಿಕ್ಸಿ ರಿಪೇರಿ ಮಾಡುವ ಅಂಗಡಿಯವರಿಗೆ ಇದು ದಿನನಿತ್ಯದ ಕೆಲಸ, ಪೂರ್ತಿ ಮೋಟಾರ್ ಬದಲಿಸಬೇಕಿಲ್ಲ. ಕರಕರ ಸದ್ದು ಬಂದರೆ ಬೇರಿಂಗ್. ಚೀಲ ಹರಿದಿದ್ದು ಗೊತ್ತಾಗದೆ ವಾರಗಟ್ಟಲೆ ಓಡಿಸಿದ್ದರೆ ಫ್ಯಾನಿನ ರೆಕ್ಕೆಗಳಿಗೇ ಧೂಳು ಮೆತ್ತಿರಬಹುದು. ಈ ಮೂರನ್ನೂ ಮನೆಯಲ್ಲಿ ಬಿಚ್ಚಿ ಎಂದು ನಾನು ಹೇಳುವುದಿಲ್ಲ, ನಾನೂ ಬಿಚ್ಚುವುದಿಲ್ಲ.

ಅಂಗಡಿಗೆ ಒಯ್ಯುವಾಗ ಬರೀ ಮಷಿನ್ ಅಲ್ಲ, ಪೈಪು, ಕೊಳವೆ, ಬ್ರಷ್ ಎಲ್ಲವನ್ನೂ ತೆಗೆದುಕೊಂಡು ಹೋಗಿ. "ಎಳೀತಿಲ್ಲ" ಅನ್ನುವ ಬದಲು "ಪೈಪ್ ತೆಗೆದು ನೋಡಿದೆ, ಮಷಿನ್ ಬಾಯಲ್ಲೇ ಎಳೆತ ಇಲ್ಲ, ಚೀಲ, ಫಿಲ್ಟರ್ ಹೊಸದು" ಅಂತ ಹೇಳಿ. ತೆಗೆದ ಹಳೆಯ ಕಾರ್ಬನ್ ತೋರಿಸಿ ಅನ್ನಿ. ದುಡ್ಡು ಕೊಡುವ ಮೊದಲು ಅಲ್ಲೇ ಎಲ್ಲ ಜೋಡಿಸಿ, ಕೊಳವೆಯ ತುದಿಗೆ ಅಂಗೈ ಇಟ್ಟು ನೋಡಿ.